ಬಸ್ಕಿ ಹೊಡೆಯಲಾರದ ಬೆನ್ನು, ಬೋರ್‌ವೆಲ್ ನೀರು

ಮುಳಬಾಗಿಲಿನಿಂದ ಸುಮಾರು ಹತ್ತು ಕಿಲೋಮೀಟರ್ ದೂರದ ಕುರುಡುಮಲೆಗೆ ನೀವು ಹೋಗಿದ್ದರೆ ಅಲ್ಲಿಯ ಗಣಪನನ್ನು ಮರೆತಿರಲಾರಿರಿ. ಒಂದೇ ಕಲ್ಲಿನ, ಹದಿಮೂರೂವರೆ ಅಡಿ ಎತ್ತರದ ಮೂರ್ತಿ. ಮುಖ ಕಾಣಬೇಕಾದರೆ ಕತ್ತೆತ್ತಲೇಬೇಕು. ಹೊಸ ಅಂಗಡಿ ತೆರೆಯುವವರು, ಹೊಸ ವಾಹನ ಕೊಂಡವರು ಇಲ್ಲಿಗೆ ಬಂದು ಕೈಮುಗಿದು ಹೋಗುವುದು ವಾಡಿಕೆ. ಚುನಾವಣೆ ಹತ್ತಿರವಾದಾಗ ಎಲ್ಲ ಪಕ್ಷದವರಿಗೂ ಈ ಗಣಪನ ನೆನಪಾಗುತ್ತದೆ ಎಂಬುದು ಬೇರೆ ಮಾತು.

ಒಂದು ಸಂಕಷ್ಟಿಯ ದಿನ ನಾನೂ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಅರವತ್ತರ ಆಸುಪಾಸಿನ ಒಬ್ಬ ರೈತರು, ಜೊತೆಯಲ್ಲಿ ಒಂಬತ್ತು ಹತ್ತು ವರ್ಷದ ಮೊಮ್ಮಗಳು. ಹುಡುಗಿ ಕೈಗಳನ್ನು ಅಡ್ಡಹಾಕಿ ಕಿವಿ ಹಿಡಿದುಕೊಂಡು ಚಕಚಕನೆ ಬಸ್ಕಿ ಹೊಡೆದಳು. "ತಾತ, ನೀನೂ ಹೊಡಿ" ಎಂದಳು. "ನನ್ನ ಲೆಕ್ಕದಾಗೂ ನೀನೇ ಐದು ಹೊಡ್ದುಬಿಡಮ್ಮ" ಎಂದರು ತಾತ. ಅವಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ನಕ್ಕಳು. ತಾತ ದೇವರ ಮುಖ ನೋಡಿದ ರೀತಿ ಮಾತ್ರ ನನ್ನ ಗಮನ ಸೆಳೆಯಿತು. ಅವರು ಕತ್ತೆತ್ತಲಿಲ್ಲ. ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದು, ಇಡೀ ಮೈಯನ್ನು ಮರದ ಹಲಗೆಯಂತೆ ಹಿಂದಕ್ಕೆ ವಾಲಿಸಿ ನೋಡಿದರು. ವೈದ್ಯನ ಕಣ್ಣು ದೇವರ ಮುಂದೆಯೂ ಸುಮ್ಮನಿರುವುದಿಲ್ಲ.

ಹೊರಗೆ ಬಂದ ಮೇಲೆ ಮಾತಿಗೆಳೆದೆ. ಹತ್ತಿರದ ಒಂದು ಹಳ್ಳಿಯವರು. "ವಾಯು ಸ್ವಾಮಿ. ಹತ್ತು ವರ್ಷದಿಂದ ಐತೆ. ದಿನಾ ಒಂದು ಮಾತ್ರೆ ನುಂಗಿದ್ರೆ ಗದ್ದೆ ಕೆಲಸ ನಡೀತದೆ, ಇಲ್ಲಾಂದ್ರೆ ಇಲ್ಲ" ಎಂದರು. ಮೂರು ಸಣ್ಣ ಕೆಲಸ ಮಾಡಿ ತೋರಿಸಿ ಎಂದು ಕೇಳಿದೆ. ಮಂಡಿ ಬಗ್ಗಿಸದೆ ನೆಲ ಮುಟ್ಟುವುದು. ಗಲ್ಲವನ್ನು ಎದೆಗೆ ತಾಗಿಸುವುದು. ಎರಡೂ ಕೈ ಚಾಚಿ, ಮಡಚಿ, ತಲೆಯ ಹಿಂಭಾಗ ಮುಟ್ಟುವುದು. ಮೂರರಲ್ಲಿ ಒಂದೂ ಅವರಿಂದ ಆಗಲಿಲ್ಲ. "ನಿಮ್ಮ ಮನೆಗೆ ನೀರು ಎಲ್ಲಿಯದು?" ಎಂದೆ. "ನಮ್ಮದೇ ಬೋರು. ಸಾವಿರದಿನ್ನೂರು ಅಡಿ. ನೀರು ಕನ್ನಡಿ ಇದ್ದಂಗೈತೆ" ಎಂದು ಹೆಮ್ಮೆಯಿಂದಲೇ ಹೇಳಿದರು. ಹುಡುಗಿ ಕೈ ತೆಗೆದಾಗ ಮೇಲಿನ ಎರಡು ಮುಂಬಲ್ಲುಗಳ ಮೇಲೆ ಅಡ್ಡಡ್ಡವಾಗಿ ಕಂದು ಪಟ್ಟಿ ಕಾಣಿಸಿತು. ಶಾಲೆಯಲ್ಲಿ ಅವಳಿಗೆ ಸರಿಯಾಗಿ ಹಲ್ಲುಜ್ಜಿ ಬಾ ಎಂದು ಹೇಳುತ್ತಾರಂತೆ.

ತಾತನ ಬೆನ್ನಿಗೂ ಮೊಮ್ಮಗಳ ಹಲ್ಲಿಗೂ ಒಂದೇ ಕಾರಣವಿರಬಹುದು ಎಂದರೆ ನೀವು ನಂಬುವಿರಾ? ಅವರಿಬ್ಬರೂ ನಂಬಲಿಲ್ಲ. ಈ ವಾರ ಆ ಕಾರಣದ ಬಗ್ಗೆ ಬರೆಯುತ್ತಿದ್ದೇನೆ.

ಅದರ ಹೆಸರು ಫ್ಲೋರೈಡ್. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ನೀರು ಎಷ್ಟೇ ತಿಳಿಯಾಗಿದ್ದರೂ ಅದರಲ್ಲಿ ಫ್ಲೋರೈಡ್ ಇರಬಹುದು. ಅದು ಹೆಚ್ಚಾದಾಗ ಬರುವ ಕಾಯಿಲೆಯೇ ಫ್ಲೋರೋಸಿಸ್. ಭಾರತೀಯ ಮಾನಕ ಸಂಸ್ಥೆಯ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಫ್ಲೋರೈಡ್ ಇರಬಹುದು. ಬೇರೆ ನೀರೇ ಇಲ್ಲದ ಕಡೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ 1.5. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಎಷ್ಟೋ ಕೊಳವೆ ಬಾವಿಗಳ ನೀರು ಈ ಗೆರೆಯನ್ನು ದಾಟಿದೆ.

ಬಂಡೆಯೊಳಗಿನ ನೀರು

ಫ್ಲೋರೈಡನ್ನು ಯಾವ ಕಾರ್ಖಾನೆಯೂ ನಮ್ಮ ನೀರಿಗೆ ಬೆರೆಸಿಲ್ಲ. ಕೋಲಾರ ಸೀಮೆಯ ನೆಲದಡಿ ಇರುವುದು ಬಹಳ ಹಳೆಯ ಗ್ರಾನೈಟ್ ಮತ್ತು ನೈಸ್ ಜಾತಿಯ ಬಂಡೆ. ಆ ಬಂಡೆಯ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಸಹಜವಾಗಿಯೇ ಇದೆ. ನೀರು ಬಂಡೆಯ ಬಿರುಕುಗಳಲ್ಲಿ ಹೆಚ್ಚು ಕಾಲ ನಿಂತಷ್ಟೂ ಅದು ಹೆಚ್ಚು ಕರಗುತ್ತದೆ. ನೀರಿನಲ್ಲಿ ಕ್ಷಾರ ಹೆಚ್ಚಿದ್ದು ಸುಣ್ಣದಂಶ ಕಡಿಮೆಯಿದ್ದರೆ ಇನ್ನೂ ಹೆಚ್ಚು. ಆದ್ದರಿಂದ "ನಮ್ಮ ನೀರಿನಲ್ಲಿ ಬೇಳೆ ಚೆನ್ನಾಗಿ ಬೇಯುತ್ತದೆ" ಎಂಬುದು ನೀರು ಒಳ್ಳೆಯದೆನ್ನಲು ಸಾಕ್ಷಿಯಾಗದು.

ಹಾಗಾದರೆ ನಮ್ಮ ಅಜ್ಜ ಮುತ್ತಜ್ಜಂದಿರಿಗೆ ಈ ತೊಂದರೆ ಇಷ್ಟಾಗಿ ಏಕಿರಲಿಲ್ಲ? ಅವರು ಕುಡಿಯುತ್ತಿದ್ದುದು ಕೆರೆ, ಕಲ್ಯಾಣಿ ಮತ್ತು ತೆರೆದ ಬಾವಿಯ ನೀರು. ಅದು ಹೋದ ವರ್ಷದ, ಅದರ ಹಿಂದಿನ ವರ್ಷದ ಮಳೆ. ಬಂಡೆಯೊಡನೆ ಅದಕ್ಕೆ ಅಷ್ಟು ಒಡನಾಟವಿರಲಿಲ್ಲ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ, ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಬೀಳುವ ಈ ಸೀಮೆಯಲ್ಲಿ ಹಿಂದಿನವರು ಸಾವಿರಾರು ಕೆರೆ ಕಟ್ಟಿ ಬದುಕಿದ್ದರು. ಕಳೆದ ನಾಲ್ಕು ದಶಕಗಳಲ್ಲಿ ಕೆರೆಗಳಲ್ಲಿ ಹೂಳು ತುಂಬಿತು, ರಾಜಕಾಲುವೆಗಳು ಒತ್ತುವರಿಯಾದವು, ಪಂಪ್‌ಸೆಟ್ಟು ಬಂತು. ಬಾವಿಗಳು ಬತ್ತಿದವು. ಇನ್ನೂರು ಅಡಿಯ ಬೋರು ಐನೂರಾಯಿತು, ಐನೂರು ಸಾವಿರವಾಯಿತು. ಈಗ ಸಾವಿರದೈನೂರು ಅಡಿ ಎಂದರೂ ಯಾರೂ ಹುಬ್ಬೇರಿಸುವುದಿಲ್ಲ. ಪ್ರತಿ ವರ್ಷ ನೆಲದೊಳಗೆ ಇಂಗುವುದಕ್ಕಿಂತ ಹೆಚ್ಚು ನೀರನ್ನು ಮೇಲೆತ್ತುವ ಜಿಲ್ಲೆ ಇದು. ಹಾಲು ಮತ್ತು ರೇಷ್ಮೆಗೆ ಹೆಸರಾದ ಊರು ಎಂದು ನಾವು ಹೇಳಿಕೊಳ್ಳುತ್ತೇವಲ್ಲ, ಆ ಹಾಲಿನ ಹಿಂದಿನ ಹುಲ್ಲು, ರೇಷ್ಮೆಯ ಹಿಂದಿನ ಹಿಪ್ಪುನೇರಳೆ ಸೊಪ್ಪು, ಲಾರಿಗಟ್ಟಲೆ ಹೋಗುವ ಟೊಮೆಟೊ ಎಲ್ಲವೂ ಇದೇ ಬೋರಿನ ಮೇಲೆ ನಿಂತಿವೆ. ರೈತನನ್ನು ಬೈಯುವುದು ಸುಲಭ. ಅವನಿಗೆ ನಾವು ಬೇರೆ ಯಾವ ನೀರು ಕೊಟ್ಟಿದ್ದೆವು?

ಹಲ್ಲಿನಲ್ಲಿ ಮೊದಲ ಸುಳಿವು

ಮಗುವಿನ ಶಾಶ್ವತ ಹಲ್ಲುಗಳು ಆರನೇ ವರ್ಷದ ಸುಮಾರಿಗೆ ಹೊರಬರುತ್ತವೆ. ಆದರೆ ಅವು ವಸಡಿನೊಳಗೆ ತಯಾರಾಗುವುದು ಬಹಳ ಮೊದಲೇ. ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗೆ ಹಲ್ಲಿನ ಹೊರಕವಚ, ಅಂದರೆ ಎನಾಮಲ್, ಪದರ ಪದರವಾಗಿ ಗಟ್ಟಿಯಾಗುತ್ತಿರುತ್ತದೆ. ಮುಂಬಲ್ಲುಗಳ ಮಟ್ಟಿಗೆ ಮೊದಲ ಮೂರು ವರ್ಷಗಳೇ ಮುಖ್ಯ. ಆಗ ಮೈಗೆ ಸೇರುವ ಹೆಚ್ಚಿನ ಫ್ಲೋರೈಡ್ ಈ ಕಟ್ಟಡದ ಕೆಲಸವನ್ನು ಕೆಡಿಸುತ್ತದೆ. ಕೆಟ್ಟ ಎನಾಮಲ್ ಮೊದಲು ಸೀಮೆಸುಣ್ಣದಂತೆ ಬಿಳಿಚಿಕೊಂಡು, ಆಮೇಲೆ ಹಳದಿ, ಕೊನೆಗೆ ಕಂದು ಬಣ್ಣಕ್ಕೆ ತಿರುಗುತ್ತದೆ. ಹೆಚ್ಚಾದರೆ ಹಲ್ಲಿನ ಮೇಲೆ ಗುಳಿಗಳೇ ಬೀಳುತ್ತವೆ.

ಇದನ್ನು ನೀವೇ ಗುರುತಿಸಬಹುದು. ಫ್ಲೋರೋಸಿಸ್ಸಿನ ಪಟ್ಟಿ ಹಲ್ಲಿಗೆ ಅಡ್ಡಲಾಗಿ, ವಸಡಿನಿಂದ ಸ್ವಲ್ಪ ದೂರದಲ್ಲಿರುತ್ತದೆ. ಎಡಗಡೆಯ ಹಲ್ಲಿನಲ್ಲಿದ್ದಂತೆಯೇ ಬಲಗಡೆಯ ಜೋಡಿ ಹಲ್ಲಿನಲ್ಲೂ ಇರುತ್ತದೆ. ಕೊಳೆಯಾದರೆ ವಸಡಿನ ಅಂಚಿನಲ್ಲಿ ಕೂರುತ್ತದೆ, ಉಜ್ಜಿದರೆ ಹೋಗುತ್ತದೆ. ಫ್ಲೋರೋಸಿಸ್ಸಿನ ಕಲೆ ಉಜ್ಜಿದರೆ ಹೋಗುವುದಿಲ್ಲ. ಅದು ಹಲ್ಲಿನ ಮೇಲಿಲ್ಲ, ಹಲ್ಲಿನೊಳಗಿದೆ. ಇದ್ದಿಲು, ಉಪ್ಪು, ಇಟ್ಟಿಗೆ ಪುಡಿ ಹಾಕಿ ತಿಕ್ಕಿದರೆ ಉಳಿದ ಎನಾಮಲ್ ಕೂಡ ಸವೆಯುತ್ತದೆ. ಶಾಲೆಗಳ ಉಪಾಧ್ಯಾಯರು ದಯವಿಟ್ಟು ಇದನ್ನು ಗಮನಿಸಬೇಕು. ಒಂದು ತರಗತಿಯಲ್ಲಿ ಹತ್ತು ಮಕ್ಕಳ ಹಲ್ಲು ಒಂದೇ ತರಹ ಕಂದಾಗಿದ್ದರೆ ಮಕ್ಕಳನ್ನು ಬೈಯಬೇಡಿ, ಆ ಊರಿನ ನೀರನ್ನು ಪರೀಕ್ಷೆಗೆ ಕಳಿಸಿ.

ಇದು ಪ್ರಾಣಕ್ಕೆ ಕುತ್ತು ತರುವ ವಿಷಯವಲ್ಲ, ಬರೀ ಅಂದದ ಪ್ರಶ್ನೆ ಎಂದು ಹೇಳುವ ವೈದ್ಯರೂ ಇದ್ದಾರೆ. ಬಾಯಿಗೆ ಸೆರಗು ಅಡ್ಡ ಹಿಡಿದೇ ಮಾತನಾಡುವ ಹುಡುಗಿಯರನ್ನು, ಹೆಣ್ಣು ನೋಡಲು ಬಂದವರ ಮುಂದೆ ನಗಬೇಡ ಎಂದು ಮಗಳಿಗೆ ಹೇಳಿಕೊಡುವ ತಾಯಂದಿರನ್ನು ನಾನು ನೋಡಿದ್ದೇನೆ. ಕೆಲಸದ ಸಂದರ್ಶನಕ್ಕೆ ಹೋದ ಹುಡುಗನಿಗೆ "ಗುಟ್ಕಾ ಹಾಕ್ತೀಯಾ?" ಎಂಬ ಪ್ರಶ್ನೆ ಮೊದಲು ಬರುತ್ತದೆ. ಅವನು ಅಡಿಕೆಯ ಚೂರನ್ನೂ ಮುಟ್ಟಿದವನಲ್ಲ.

ಹಲ್ಲಿನ ಕಥೆ ಮೊದಲು ಬಯಲಾದದ್ದು ಅಮೆರಿಕದಲ್ಲಿ. 1901ರಲ್ಲಿ ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ ಬಂದ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯ ಅಲ್ಲಿಯವರ ಕಂದು ಹಲ್ಲು ಕಂಡು ಬೆರಗಾದ. ಕಾರಣ ಹುಡುಕಲು ಮೂರು ದಶಕ ಹಿಡಿಯಿತು. 1931ರಲ್ಲಿ ಅದು ನೀರಿನ ಫ್ಲೋರೈಡ್ ಎಂದು ಗೊತ್ತಾಯಿತು. ಜೊತೆಗೆ ಇನ್ನೊಂದು ವಿಷಯವೂ ಹೊರಬಿತ್ತು. ಆ ಕಂದು ಹಲ್ಲುಗಳಲ್ಲಿ ಹುಳುಕು ಕಡಿಮೆ! ಅಲ್ಪ ಪ್ರಮಾಣದ ಫ್ಲೋರೈಡ್ ಹಲ್ಲನ್ನು ಕಾಪಾಡುತ್ತದೆ, ಸ್ವಲ್ಪ ಹೆಚ್ಚಾದರೆ ಕೆಡಿಸುತ್ತದೆ. ಎರಡರ ನಡುವಿನ ದಾರಿ ಬಹಳ ಕಿರಿದು. 1945ರಿಂದ ಅಮೆರಿಕದ ಊರುಗಳು ನಲ್ಲಿ ನೀರಿಗೆ ಫ್ಲೋರೈಡ್ ಬೆರೆಸತೊಡಗಿದವು. ನಮ್ಮ ಟೂತ್‌ಪೇಸ್ಟಿಗೆ ಅದು ಬಂದದ್ದೂ ಈ ತಿಳಿವಳಿಕೆಯಿಂದಲೇ.

ಬೆನ್ನು ಬಿಗಿಯುವ ಬಗೆ

ನಾವು ನುಂಗಿದ ಫ್ಲೋರೈಡಿನಲ್ಲಿ ಒಂದು ಪಾಲನ್ನು ಮೂತ್ರಪಿಂಡಗಳು ಹೊರಹಾಕುತ್ತವೆ. ಉಳಿದದ್ದು ಹೆಚ್ಚಾಗಿ ಹೋಗಿ ಸೇರುವುದು ಮೂಳೆಗೆ. ವರ್ಷಗಟ್ಟಲೆ ಹೀಗೆ ಸೇರಿದಾಗ ಮೂಳೆ ದಪ್ಪವಾಗುತ್ತದೆ, ಆದರೆ ಗಟ್ಟಿಯಾಗುವುದಿಲ್ಲ. ಮೂಳೆಗಳನ್ನು ಒಂದಕ್ಕೊಂದು ಕಟ್ಟಿಹಿಡಿಯುವ ಮೆತ್ತನೆಯ ಪಟ್ಟಿಗಳಲ್ಲಿ ಸುಣ್ಣ ಕಟ್ಟಿಕೊಳ್ಳುತ್ತದೆ. ಬೆನ್ನುಮೂಳೆ, ಕುತ್ತಿಗೆ, ಸೊಂಟ, ಮಂಡಿ ಒಂದೊಂದಾಗಿ ಬಿಗಿಯುತ್ತವೆ. ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆಯೂ ಗಟ್ಟಿಯಾಗಿ ಎಕ್ಸ್‌ರೇಯಲ್ಲಿ ಮುಳ್ಳಿನಂತೆ ಕಾಣುತ್ತದೆ. ತೀರಾ ಮುಂದುವರಿದರೆ ಬೆನ್ನುಹುರಿ ಹಿಸುಕಿದಂತಾಗಿ ಕೈಕಾಲಿನ ಶಕ್ತಿ ಕುಂದುತ್ತದೆ.

ಇದು ನಮ್ಮ ನೆರೆಯಲ್ಲಿಯೇ ಪತ್ತೆಯಾದ ಕಾಯಿಲೆ. 1937ರಲ್ಲಿ ಅಂದಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯ ಹಳ್ಳಿಗಳಲ್ಲಿ ಬಾಗಿದ ಬೆನ್ನಿನ ಜನರನ್ನು ಪರೀಕ್ಷಿಸಿ ಶಾರ್ಟ್ ಮತ್ತು ಸಂಗಡಿಗರು ವರದಿ ಬರೆದರು. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿ, ಫ್ಲೋರೋಸಿಸ್ ಇರುವ ಊರುಗಳ ಹರೆಯದವರಲ್ಲಿ ಮಂಡಿಗಳು ಒಳಕ್ಕೆ ಬಾಗುವುದನ್ನು ವಿವರಿಸಿದರು. ಅಂದರೆ ಇದು ಮುಪ್ಪಿನ ಕಾಯಿಲೆಯೂ ಅಲ್ಲ.

ಎಷ್ಟು ಫ್ಲೋರೈಡ್ ಅಪಾಯ? ಲೀಟರಿಗೆ ಇಷ್ಟು ಎಂಬ ಲೆಕ್ಕ ಮಾತ್ರ ಸಾಲದು. ದಿನಕ್ಕೆ ಎಷ್ಟು ಲೀಟರು ಎಂಬುದೂ ಬೇಕು. ನೀರು, ಊಟ ಎಲ್ಲ ಸೇರಿ ದಿನಕ್ಕೆ 6 ಮಿಲಿಗ್ರಾಂ ದಾಟಿದರೆ ಮೂಳೆಗೆ ಅಪಾಯದ ಸೂಚನೆಗಳಿವೆ, 14 ಮಿಲಿಗ್ರಾಂ ಮುಟ್ಟಿದರೆ ಅಪಾಯ ಸ್ಪಷ್ಟ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಲೀಟರಿಗೆ 3 ಮಿಲಿಗ್ರಾಂ ಇರುವ ನೀರನ್ನು ಕಚೇರಿಯಲ್ಲಿ ಫ್ಯಾನಿನಡಿ ಕೂತವರು ಎರಡು ಲೀಟರು ಕುಡಿದರೆ 6 ಮಿಲಿಗ್ರಾಂ. ಅದೇ ಊರಿನಲ್ಲಿ ಬೇಸಿಗೆಯ ಬಿಸಿಲಲ್ಲಿ ಗುದ್ದಲಿ ಹಿಡಿದವರು ಐದು ಲೀಟರು ಕುಡಿಯುತ್ತಾರೆ, ಅವರಿಗೆ 15. ಒಂದೇ ಬೋರು, ಆದರೆ ಕಾಯಿಲೆ ಕೂಲಿಯವರಿಗೆ ಮೊದಲು. ಹೊಟ್ಟೆಗೆ ಹಾಲು, ಸೊಪ್ಪು ಸಾಲದವರಿಗೆ ಇನ್ನೂ ಬೇಗ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ವೃತ್ತಿಯ ಮೊದಲ ವರ್ಷಗಳಲ್ಲಿ ಮೈಕೈ ನೋವೆಂದು ಬರುವ ರೈತರಿಗೆ, ಕೂಲಿ ಹೆಂಗಸರಿಗೆ ನಾನು ಕಣ್ಣುಮುಚ್ಚಿ ನೋವಿನ ಮಾತ್ರೆ ಬರೆದುಕೊಡುತ್ತಿದ್ದೆ. ವಾತ ಎನ್ನುತ್ತಿದ್ದೆ, ವಯಸ್ಸು ಎನ್ನುತ್ತಿದ್ದೆ. "ನೀರು ಎಲ್ಲಿಯದು?" ಎಂದು ಕೇಳುವ ಬುದ್ಧಿ ಬಂದಿರಲಿಲ್ಲ. ಮಾತ್ರೆಯಿಂದ ನೋವು ಇಳಿಯುತ್ತಿತ್ತು, ಮಾರನೆಯ ದಿನ ಅವರು ಮತ್ತೆ ಅದೇ ನೀರು ಕುಡಿಯುತ್ತಿದ್ದರು. ಡೈಕ್ಲೋಫೆನಾಕ್‌ನಂತಹ ನೋವಿನ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಿದರೆ ಮೂತ್ರಪಿಂಡಕ್ಕೆ ಹಾನಿಯಾಗುತ್ತದೆ. ಫ್ಲೋರೈಡನ್ನು ಹೊರಹಾಕಬೇಕಾದದ್ದು ಅದೇ ಮೂತ್ರಪಿಂಡ. ಅದು ಸೋತರೆ ಮೂಳೆಗೆ ಸೇರುವ ಪಾಲು ಹೆಚ್ಚುತ್ತದೆ, ನೋವು ಹೆಚ್ಚುತ್ತದೆ, ಮಾತ್ರೆಯೂ ಹೆಚ್ಚುತ್ತದೆ. ಅಂಗಡಿಯಲ್ಲಿ ಚೀಟಿಯಿಲ್ಲದೆ ಮಾತ್ರೆ ಕೊಂಡು ದಿನವೂ ನುಂಗುವವರು ನಿಮ್ಮ ಮನೆಯಲ್ಲಿದ್ದರೆ ಈ ಮಾತನ್ನು ಅವರಿಗೆ ಓದಿ ಹೇಳಿ. ಒಮ್ಮೆಲೇ ನಿಲ್ಲಿಸಿ ಒದ್ದಾಡಬೇಕಾಗಿಲ್ಲ. ವೈದ್ಯರ ಬಳಿ ಹೋಗಿ ರಕ್ತದಲ್ಲಿ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿಕೊಳ್ಳಿ, ಮನೆಯ ನೀರು ಯಾವುದೆಂದು ತಪ್ಪದೆ ತಿಳಿಸಿ.

ಅಮೆರಿಕದ ಜಗಳ, ನಮ್ಮ ಮಕ್ಕಳು

ಈಚೆಗೆ ಫ್ಲೋರೈಡ್ ಮತ್ತೆ ಸುದ್ದಿಯಲ್ಲಿದೆ. ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮ 2024ರ ಆಗಸ್ಟಿನಲ್ಲಿ ಒಂದು ದೊಡ್ಡ ವರದಿ ಹೊರತಂದಿತು. ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರುವ ನೀರಿಗೂ ಮಕ್ಕಳ ಬುದ್ಧಿಮತ್ತೆಯ ಅಂಕ ಕಡಿಮೆಯಾಗುವುದಕ್ಕೂ ಸಂಬಂಧ ಕಾಣುತ್ತದೆ, ಈ ತೀರ್ಮಾನದ ಮೇಲೆ ನಮಗೆ ಮಧ್ಯಮ ಮಟ್ಟದ ವಿಶ್ವಾಸವಿದೆ ಎಂದು ಅದು ಹೇಳಿತು. ಮಕ್ಕಳ ಬುದ್ಧಿಮತ್ತೆಯ ಬಗ್ಗೆ ಅವರು ಪರಿಶೀಲಿಸಿದ 72 ಅಧ್ಯಯನಗಳಲ್ಲಿ ಉತ್ತಮ ಗುಣಮಟ್ಟದವೆಂದು ಆರಿಸಿದ್ದು 19, ಅವುಗಳಲ್ಲಿ 18 ಈ ಸಂಬಂಧವನ್ನು ತೋರಿಸಿದವು. 2025ರಲ್ಲಿ ಯೂಟಾ ರಾಜ್ಯ ನಲ್ಲಿ ನೀರಿಗೆ ಫ್ಲೋರೈಡ್ ಬೆರೆಸುವುದನ್ನೇ ನಿಷೇಧಿಸಿತು. ಪರ ವಿರೋಧ ವಾದಗಳು ಜೋರಾಗಿ ನಡೆದಿವೆ.

ಆ ವರದಿಯನ್ನು ಹಿಡಿದುಕೊಂಡು ನಾವು ಗಾಬರಿಯಾಗಬೇಕಾಗಿಲ್ಲ. ಅಮೆರಿಕದವರು ಬೆರೆಸುವುದು ಲೀಟರಿಗೆ 0.7 ಮಿಲಿಗ್ರಾಂ. ಅಷ್ಟರಿಂದ ಹಾನಿ ಇದೆಯೇ ಎಂದು ಹೇಳಲು ಆಧಾರ ಸಾಲದೆಂದು ವರದಿಯೇ ಹೇಳಿದೆ. ಸಂಬಂಧ ಕಂಡ ಮಾತ್ರಕ್ಕೆ ಅದೇ ಕಾರಣವೆಂದೂ ಆಗುವುದಿಲ್ಲ. ಬಡತನ, ಪೌಷ್ಟಿಕತೆಯ ಕೊರತೆ, ನೀರಿನಲ್ಲಿನ ಬೇರೆ ಲೋಹಗಳು ಹೀಗೆ ಹತ್ತಾರು ಎಳೆಗಳಿರುತ್ತವೆ. ಆದರೆ ಅಲ್ಲಿ 0.7ಕ್ಕೆ ಶಾಸನಸಭೆ, ನ್ಯಾಯಾಲಯಗಳವರೆಗೆ ಜಗಳ ಹೋಗಿದೆ. ನಮ್ಮಲ್ಲಿ ಅದರ ಮೂರು ನಾಲ್ಕು ಪಟ್ಟು ಇರುವ ನೀರನ್ನು ಅಂಗನವಾಡಿಯ ಮಗು ಕುಡಿಯುತ್ತಿದ್ದರೆ ಸುದ್ದಿಯೇ ಆಗುವುದಿಲ್ಲ. ವರದಿಯ ಹಿಂದಿನ ಅಧ್ಯಯನಗಳು ನಡೆದ ದೇಶಗಳಲ್ಲಿ ಭಾರತವೂ ಒಂದು.

ಕೆರೆಗೆ ಬಂದ ಬೆಂಗಳೂರಿನ ನೀರು

ಇಷ್ಟು ಹೇಳಿದ ಮೇಲೆ ಕೆ.ಸಿ. ವ್ಯಾಲಿ ಯೋಜನೆಯ ಮಾತು ಬಾರದಿರದು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ, ದಿನಕ್ಕೆ 40 ಕೋಟಿ ಲೀಟರಿಗೂ ಹೆಚ್ಚು ನೀರನ್ನು ಕೋಲಾರದ ಕೆರೆಗಳಿಗೆ ತುಂಬಿಸುವ ಯೋಜನೆ ಇದು. 2018ರ ಜೂನಿನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಂತು. ಮರು ತಿಂಗಳೇ ನೊರೆ ಕಾಣಿಸಿಕೊಂಡು ವಿಷಯ ಹೈಕೋರ್ಟಿಗೆ, ಆಮೇಲೆ ಸುಪ್ರೀಂ ಕೋರ್ಟಿಗೆ ಹೋಯಿತು. ನೀರು ನಿಂತಿತು, ಮತ್ತೆ ಹರಿಯಿತು. ಮೂರನೇ ಹಂತದ ಶುದ್ಧೀಕರಣ ಆಗಲೇಬೇಕೆಂದು ನೀರಾವರಿ ಹೋರಾಟಗಾರರು ಪಟ್ಟು ಹಿಡಿದಿದ್ದಾರೆ.

ಈ ನೀರು ಕುಡಿಯಲು ಅಲ್ಲ, ಅಂತರ್ಜಲ ತುಂಬಲು. ಬತ್ತಿದ ಬೋರುಗಳಿಗೆ ನೀರು ಬಂದದ್ದನ್ನು ರೈತರು ಹೇಳುತ್ತಾರೆ, ಅಂತರ್ಜಲದ ಮಟ್ಟ ಏರಿದ್ದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನವೂ ತೋರಿಸಿದೆ. ಇಪ್ಪತ್ತು ವರ್ಷ ಒಣಗಿದ್ದ ಕೆರೆಯಲ್ಲಿ ಅಲೆ ಕಂಡವರ ಸಂತೋಷವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ನೀರು ಎಷ್ಟು ಮೇಲೆ ಬಂತು ಎಂಬುದು ಒಂದು ಪ್ರಶ್ನೆ, ಅದರಲ್ಲಿ ಏನಿದೆ ಎಂಬುದು ಇನ್ನೊಂದು. ಫ್ಲೋರೈಡ್ ತೆಳುವಾಯಿತೆಂದು ಸಮಾಧಾನಪಟ್ಟು ನೈಟ್ರೇಟ್, ಲೋಹ, ರೋಗಾಣುಗಳನ್ನು ಮರೆಯುವಂತಿಲ್ಲ. ಕೆರೆಯ ಸುತ್ತಲಿನ ಪ್ರತಿ ಕುಡಿಯುವ ನೀರಿನ ಬೋರನ್ನೂ ವರ್ಷಕ್ಕೆರಡು ಸಲ, ಮಳೆಗಾಲಕ್ಕೆ ಮುಂಚೆ ಮತ್ತು ನಂತರ, ಪರೀಕ್ಷಿಸಿ ಫಲಿತಾಂಶವನ್ನು ಪಂಚಾಯ್ತಿ ಕಚೇರಿಯ ಗೋಡೆಯ ಮೇಲೆ ಬರೆಯುವುದು ಅಷ್ಟು ಕಷ್ಟದ ಕೆಲಸವೆಂದು ನನಗೆ ತೋರುವುದಿಲ್ಲ. ಬಂಗಾರಪೇಟೆ ತಾಲ್ಲೂಕಿನ ಯರಗೋಳ್ ಅಣೆಕಟ್ಟು 2023ರಲ್ಲಿ ಉದ್ಘಾಟನೆಯಾಗಿದೆ, ಅದರ ನೀರು ಕೋಲಾರ, ಮಾಲೂರು, ಬಂಗಾರಪೇಟೆ ಪಟ್ಟಣಗಳಿಗೆ. ಎತ್ತಿನಹೊಳೆಯ ಮೊದಲ ಹಂತ 2024ರಲ್ಲಿ ಉದ್ಘಾಟನೆ ಕಂಡಿತು. ಹಳ್ಳಿಯ ಮಗು ಅಷ್ಟು ದಿನ ಹಲ್ಲು ಬೆಳೆಸಿಕೊಳ್ಳದೆ ಕಾಯುವುದಿಲ್ಲವಲ್ಲ.

ಮನೆಯಲ್ಲಿ ಏನು ಮಾಡಬಹುದು?

ಮೊದಲು ನೀರಿನ ಪರೀಕ್ಷೆ. ಗ್ರಾಮ ಪಂಚಾಯ್ತಿಯಲ್ಲಿ ಕೇಳಿ. ಜಲ ಜೀವನ್ ಮಿಷನ್ ಅಡಿಯಲ್ಲಿ ಊರಿನ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ಕಿಟ್ಟಿನ ತರಬೇತಿ ಕೊಡುವ ಏರ್ಪಾಡಿದೆ. ಜಿಲ್ಲಾ ಮಟ್ಟದ ಪ್ರಯೋಗಾಲಯಕ್ಕೂ ಮಾದರಿ ಕಳಿಸಬಹುದು. ತೊಳೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ಒಂದು ಲೀಟರ್ ಸಾಕು. ನೀರು ಶೋಧಕ ಮಾರಲು ಬಂದವರು ಪೆನ್ನಿನಂತಹ ಒಂದು ಮೀಟರನ್ನು ಲೋಟದಲ್ಲಿ ಅದ್ದಿ ಸಂಖ್ಯೆ ತೋರಿಸುತ್ತಾರೆ. ಅದು ನೀರಿನಲ್ಲಿ ಕರಗಿದ ಎಲ್ಲ ಲವಣಗಳ ಒಟ್ಟು ಲೆಕ್ಕ. ಅದರಿಂದ ಫ್ಲೋರೈಡ್ ಎಷ್ಟಿದೆ ಎಂದು ತಿಳಿಯುವುದಿಲ್ಲ.

ಕುದಿಸಿದರೆ ಹೋಗುತ್ತದೆಯೇ ಎಂದು ಹಲವರು ಕೇಳುತ್ತಾರೆ. ಹೋಗುವುದಿಲ್ಲ. ನೀರು ಆವಿಯಾಗಿ, ಉಳಿದದ್ದರಲ್ಲಿ ಫ್ಲೋರೈಡ್ ಇನ್ನಷ್ಟು ಸಾಂದ್ರವಾಗುತ್ತದೆ. ಕುದಿಸುವುದು ರೋಗಾಣುಗಳಿಗೆ ಮದ್ದು, ಫ್ಲೋರೈಡಿಗಲ್ಲ. ಬಟ್ಟೆಯಲ್ಲಿ ಸೋಸುವುದು, ಕ್ಯಾಂಡಲ್ ಫಿಲ್ಟರು, ನೇರಳಾತೀತ ದೀಪದ ಯಂತ್ರ ಇವುಗಳಿಂದಲೂ ಪ್ರಯೋಜನವಿಲ್ಲ. ಫ್ಲೋರೈಡ್ ತೆಗೆಯಬಲ್ಲದ್ದು ಆರ್.ಓ. ಯಂತ್ರ, ಇಲ್ಲವೇ ಸಕ್ರಿಯ ಅಲ್ಯುಮಿನ ತುಂಬಿದ ಶೋಧಕ. ಪಟಿಕ ಮತ್ತು ಸುಣ್ಣ ಬಳಸುವ, ನಲಗೊಂಡ ವಿಧಾನವೆಂದು ಹೆಸರಾದ ಕ್ರಮವೊಂದಿದೆ. ನಾಗಪುರದ ನೀರಿ ಸಂಸ್ಥೆ ರೂಪಿಸಿದ್ದು. ಅಳತೆ ತಪ್ಪಿದರೆ ಅಲ್ಯುಮಿನಿಯಂ ಉಳಿಯುತ್ತದೆ. ಮನೆಯಲ್ಲಿ ಅಂದಾಜಿನ ಮೇಲೆ ಮಾಡುವ ಕೆಲಸ ಅದಲ್ಲ.

ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನಿನಲ್ಲಿ ನೀರು ತರುವವರು ಒಂದು ತಪ್ಪು ಮಾಡುತ್ತಾರೆ. ಕ್ಯಾನಿನ ನೀರು ಕುಡಿಯಲು, ಅಡುಗೆಗೆ ಮಾತ್ರ ಬೋರಿನ ನೀರು! ಮುದ್ದೆಗೆ ಎಸರಿಟ್ಟ ನೀರು, ಅನ್ನಕ್ಕೆ ಹಾಕಿದ ನೀರು, ಬಸ್ಸಾರಿನ ಕಟ್ಟು ಎಲ್ಲವೂ ಹೊಟ್ಟೆಗೇ ಹೋಗುತ್ತವೆ. ಅಡುಗೆಗೂ ಶುದ್ಧ ನೀರನ್ನೇ ಬಳಸಿ. ಪಾತ್ರೆ, ಬಟ್ಟೆ, ಸ್ನಾನಕ್ಕೆ ಬೋರಿನ ನೀರು ಧಾರಾಳವಾಗಿ ಆಗಬಹುದು, ಚರ್ಮದ ಮೂಲಕ ಫ್ಲೋರೈಡ್ ಒಳಹೋಗುವ ಭಯವಿಲ್ಲ. ಘಟಕ ಕೆಟ್ಟು ನಿಂತಿದ್ದರೆ, ಶೋಧಿಸುವ ಪೊರೆ ಬದಲಾಯಿಸಿ ಎಷ್ಟು ದಿನವಾಯಿತೆಂದು ಗ್ರಾಮಸಭೆಯಲ್ಲಿ ಕೇಳುವುದು ನಿಮ್ಮ ಹಕ್ಕು.

ಇವೆಲ್ಲಕ್ಕಿಂತ ಒಳ್ಳೆಯದು ಮಳೆ ನೀರು. ಅದರಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಸಾವಿರ ಚದರ ಅಡಿಯ ತಾರಸಿಯ ಮೇಲೆ ವರ್ಷಕ್ಕೆ 700 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 65,000 ಲೀಟರ್ ಆಗುತ್ತದೆ. ಪೋಲಾಗಿ ಉಳಿದದ್ದು 50,000 ಎಂದುಕೊಳ್ಳಿ. ಐದು ಜನರ ಮನೆಗೆ ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ 25 ಲೀಟರ್ ಎಂದರೂ ವರ್ಷಕ್ಕೆ ಬೇಕಾದದ್ದು ಸುಮಾರು 9,000 ಲೀಟರ್. ಮೊದಲ ಮಳೆಯ ಕೊಳೆ ನೀರನ್ನು ಹೊರಬಿಟ್ಟು, ಮರಳು ಇದ್ದಿಲಿನ ಸೋಸುಗುಂಡಿಯ ಮೂಲಕ ಮುಚ್ಚಿದ ತೊಟ್ಟಿಯಲ್ಲಿ ಹಿಡಿದು, ಕುಡಿಯುವ ಮುನ್ನ ಕುದಿಸಿಕೊಳ್ಳಿ. ತೊಟ್ಟಿಯ ಖರ್ಚು ದೊಡ್ಡದೇ. ನೀರು ಸಿಗದೆ ಹೋದ ಒಂದು ಬೋರಿನ ಖರ್ಚಿನೊಡನೆ ಹೋಲಿಸಿ ನೋಡಿ.

ಊಟದ ವಿಷಯದಲ್ಲಿ ಕೋಲಾರದವರು ಪುಣ್ಯವಂತರು. ಕ್ಯಾಲ್ಸಿಯಂ ಹೊಟ್ಟೆಯಲ್ಲಿರುವಾಗ ಫ್ಲೋರೈಡ್ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಹೆಸರಿಗಷ್ಟೆ. ಮುದ್ದೆ ಬಿಟ್ಟು ಅನ್ನಕ್ಕೆ ತಿರುಗಿದ ಹೊಸ ತಲೆಮಾರಿಗೆ ಇದನ್ನು ತಿಳಿಸಬೇಕು. ಡೇರಿಗೆ ಹಾಕುವ ಹಾಲಿನಲ್ಲಿ ಮಕ್ಕಳಿಗೆಂದು ಒಂದೊಂದು ಲೋಟ ಉಳಿಸಿಕೊಳ್ಳಿ. ಮಸ್ಸೊಪ್ಪು, ನುಗ್ಗೆಸೊಪ್ಪು, ನೆಲ್ಲಿಕಾಯಿ, ನಿಂಬೆ, ಸೀಬೆ ಇರಲಿ. ಕಡಿಮೆ ಮಾಡಬೇಕಾದವು ಕಡು ಚಹಾ, ಅಡಿಕೆ, ತಂಬಾಕು, ಚಾಟ್ ಮಸಾಲೆಯ ಕಪ್ಪು ಉಪ್ಪು. ಚಹಾ ಎಲೆ ಫ್ಲೋರೈಡನ್ನು ಹೀರಿಕೊಳ್ಳುವ ಗಿಡದ್ದು. ಆದರೆ ನೀರು ಬದಲಾಯಿಸದೆ ಊಟ ಮಾತ್ರ ಬದಲಾಯಿಸಿದರೆ ಗುಣ ಅಷ್ಟಕ್ಕಷ್ಟೆ.

ಹಸುಗೂಸಿನ ತಾಯಂದಿರಿಗೆ ಒಂದು ಮಾತು. ತಾಯಿ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೂ ಎದೆಹಾಲಿಗೆ ಅದು ಬರುವುದು ತೀರಾ ಅಲ್ಪ. ಬೋರಿನ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕೊಟ್ಟರೆ ಆ ಪುಟ್ಟ ಮೈಗೆ ದೊಡ್ಡವರಿಗಿಂತ ಹೆಚ್ಚಿನ ಪಾಲು ಬೀಳುತ್ತದೆ. ಆರು ತಿಂಗಳು ಎದೆಹಾಲು ಮಾತ್ರ ಕೊಡಿ. ಆಮೇಲಿನ ರಾಗಿ ಸರಿಯನ್ನು ಶುದ್ಧ ನೀರಿನಲ್ಲಿ ಮಾಡಿ. ಆರು ವರ್ಷದೊಳಗಿನ ಮಕ್ಕಳ ಬ್ರಷ್ಷಿಗೆ ಬಟಾಣಿ ಕಾಳಿಗಿಂತ ಹೆಚ್ಚು ಪೇಸ್ಟ್ ಬೇಡ, ನುಂಗದಂತೆ ಪಕ್ಕದಲ್ಲಿ ನಿಂತು ಉಗುಳಿಸಿ.

ಬಂದ ಫ್ಲೋರೋಸಿಸ್ ವಾಸಿಯಾಗುತ್ತದೆಯೇ? ಹಲ್ಲಿನ ಕಲೆ ಮಾಸುವುದಿಲ್ಲ. ದಂತವೈದ್ಯರು ಮೇಲುಹೊದಿಕೆ ಹಾಕಿ ಮುಚ್ಚಬಲ್ಲರು. ಬಿಗಿದ ಬೆನ್ನು ಮೊದಲಿನಂತಾಗುವುದಿಲ್ಲ. ಮೂಳೆಯಿಂದ ಫ್ಲೋರೈಡ್ ಹೊರಬರಲು ವರ್ಷಗಳೇ ಬೇಕು. ಆದರೆ ನೀರು ಬದಲಾಯಿಸಿದರೆ ಕಾಯಿಲೆ ಮುಂದುವರಿಯುವುದು ನಿಲ್ಲುತ್ತದೆ. ಹೊಟ್ಟೆ ಉಬ್ಬರ, ಹಸಿವಿಲ್ಲದಿರುವುದು, ಸುಸ್ತು ಇಂತಹವು ಕೆಲವೇ ವಾರಗಳಲ್ಲಿ ತಗ್ಗುವುದುಂಟು.

ಕುರುಡುಮಲೆಯ ಆ ತಾತ ಮರುವಾರ ಬಾಟಲಿಯಲ್ಲಿ ನೀರು ತಂದುಕೊಟ್ಟರು. ಪ್ರಯೋಗಾಲಯದ ಚೀಟಿ ಬಂದಾಗ ಫ್ಲೋರೈಡ್ 1.5ರ ಗೆರೆಯ ಎರಡು ಪಟ್ಟು ದಾಟಿತ್ತು. ಫೋನು ಮಾಡಿ ತಿಳಿಸಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನಂದು ಆಗೋಯ್ತು ಬಿಡಿ ಸ್ವಾಮಿ. ಮನೆಯಾಗೆ ಇನ್ನೊಂದು ಕೂಸೈತೆ, ಮಗನ ಮಗ. ಎರಡು ವರ್ಷ. ಅವನ ಹಲ್ಲೆಲ್ಲ ಬೆಳ್ಳಗವೆ" ಎಂದರು. ಹಾಲುಹಲ್ಲು ಬೆಳ್ಳಗಿರುವುದೇ ಹೆಚ್ಚು, ಅದನ್ನು ನೋಡಿ ಧೈರ್ಯ ತಂದುಕೊಳ್ಳಬೇಡಿ, ಮುಂದೆ ಬರುವ ಹಲ್ಲು ಈಗ ವಸಡಿನೊಳಗೆ ತಯಾರಾಗುತ್ತಿದೆ ಎಂದೆ. "ಹಂಗಾರೆ ಇವತ್ತಿಂದ ಅವನಿಗೆ ಯಾವ ನೀರು ಕೊಡೋದು?" ಎಂದು ಕೇಳಿದರು. ಅವರ ಊರಿನ ಘಟಕ ನಾಲ್ಕು ತಿಂಗಳಿಂದ ಕೆಟ್ಟು ನಿಂತಿತ್ತು. ಪಕ್ಕದ ಊರಿನದು ಮೂರು ಕಿಲೋಮೀಟರ್. ಮಗ ಡೇರಿಗೆ ಹಾಲು ಹಾಕಿ ಬರುವಾಗ ದಿನಕ್ಕೊಂದು ಕ್ಯಾನು ತರುವುದೆಂದು ಸದ್ಯಕ್ಕೆ ತೀರ್ಮಾನವಾಗಿದೆ.